ಡೈವ್‌ಗೆ ಮುಂಚೆ ಸಿಲಿಂಡರ್ ವಾಲ್ವ್ ಪರೀಕ್ಷಿಸುವುದು ಹೇಗೆ?

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್‌ಗೆ ಹೋಗುವವರು ಮಾಸ್ಕು, ಫಿನ್ ಎಲ್ಲಾ ಸರಿಯಾಗಿವೆಯಾ ಅಂತ ನೋಡಿಕೊಳ್ಳುತ್ತಾರೆ. ಸಿಲಿಂಡರಿನ ತಲೆಯ ಮೇಲಿರುವ ವಾಲ್ವ್ ಕಡೆ ಗಮನ ಕೊಡುವವರು ಕಡಿಮೆ. ಹೆಚ್ಚು ಬಳಕೆಯಲ್ಲಿರುವ ‘ಅಲ್ಯೂಮಿನಿಯಂ 80’ (ಸುಮಾರು 80 ಘನ ಅಡಿ ಗಾಳಿ ಹಿಡಿಯುವ) ಸಿಲಿಂಡರ್ ತುಂಬಿದಾಗ ಒಳಗಿನ ಒತ್ತಡ 207 ಬಾರ್, ಅಂದರೆ 3,000 ಪಿಎಸ್‌ಐ. ಕಾರಿನ ಟೈರಿಗಿಂತ ಸುಮಾರು 90 ಪಟ್ಟು ಜಾಸ್ತಿ!

ಮೊದಲು ಸಿಲಿಂಡರಿನ ಕುತ್ತಿಗೆ ಹತ್ತಿರ ಅಚ್ಚೊತ್ತಿರುವುದನ್ನು ಓದಿ. ಎಷ್ಟು ಒತ್ತಡಕ್ಕೆ ತುಂಬಬಹುದು, ಒತ್ತಡ ಪರೀಕ್ಷೆ ಯಾವಾಗ ಆಗಿದೆ ಎಂಬುದು ಅಲ್ಲಿರುತ್ತದೆ. ಪರೀಕ್ಷೆಯ ಅವಧಿ ಮೀರಿದ್ದರೆ ಸಂಕೋಚ ಬೇಡ, ಬೇರೆ ಸಿಲಿಂಡರ್ ಕೇಳಿ.

ಆಮೇಲೆ ವಾಲ್ವಿನ ಬದಿ ನೋಡಿ. ಬೋಲ್ಟಿನ ತಲೆಯಂಥ ಸಣ್ಣ ಪ್ಲಗ್ ಇದೆಯೇ? ಅದರ ಹಿಂದೆ ತೆಳ್ಳನೆಯ ಲೋಹದ ಬಿಲ್ಲೆ ಇರುತ್ತದೆ. ಅದೇ ಬರ್ಸ್ಟ್ ಡಿಸ್ಕ್. ಅಮೆರಿಕದಲ್ಲಿ ಇದು ಕಡ್ಡಾಯ, ಯುರೋಪಿನ ಬಹಳಷ್ಟು ಸಿಲಿಂಡರ್‌ಗಳಲ್ಲಿ ಇರುವುದಿಲ್ಲ. ಅಲ್ಯೂಮಿನಿಯಂ 80ರಲ್ಲಿ ಒತ್ತಡ 4,500ರಿಂದ 5,000 ಪಿಎಸ್‌ಐ ಮುಟ್ಟಿದರೆ ಬಿಲ್ಲೆ ಒಡೆದು ಗಾಳಿ ಹೊರಬಿಡುತ್ತದೆ. ಸಿಲಿಂಡರ್ ಉಳಿಯುತ್ತದೆ, ಪಕ್ಕದಲ್ಲಿರುವವರೂ ಉಳಿಯುತ್ತಾರೆ. ಬಿಸಿಲಲ್ಲಿ ನಿಂತ ಕಾರಿನೊಳಗೆ 30 ಡಿಗ್ರಿಯ ಸಿಲಿಂಡರ್ 65 ಡಿಗ್ರಿಗೆ ಏರಿದರೂ ಒತ್ತಡ ಸುಮಾರು 230 ಬಾರ್ ಆಗುತ್ತದೆ ಅಷ್ಟೇ. ಹೊಸ ಬಿಲ್ಲೆ ಅದಕ್ಕೆ ಜಗ್ಗುವುದಿಲ್ಲ. ಆದರೆ ಪ್ರತಿಸಲ ತುಂಬಿದಾಗಲೂ ಬಿಲ್ಲೆ ಹಿಗ್ಗಿ ದಣಿಯುತ್ತದೆ, ಉಪ್ಪುನೀರು ಅದನ್ನು ತಿನ್ನುತ್ತದೆ. ಪ್ಲಗ್ ಸುತ್ತ ಹಸಿರು ಕಿಲುಬು ಕಂಡರೆ, ಸೋಪಿನ ನೀರು ಹಚ್ಚಿದಾಗ ಗುಳ್ಳೆ ಬಂದರೆ ಆ ಸಿಲಿಂಡರ್ ಪಕ್ಕಕ್ಕಿಡಿ.

ಪ್ಲಗ್‌ಗೆ ನೀವು ಸ್ಪ್ಯಾನರ್ ಹಾಕಬೇಡಿ. ಸಿಲಿಂಡರ್ ಪೂರ್ತಿ ಖಾಲಿ ಮಾಡಿ, ಅದೇ ಒತ್ತಡಕ್ಕೆಂದು ಮಾಡಿದ ಹೊಸ ಬಿಲ್ಲೆ, ವಾಷರ್, ಪ್ಲಗ್ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ತರಬೇತಾದ ಮೆಕ್ಯಾನಿಕ್ ಕೆಲಸ. ಪದೇ ಪದೇ ಒಡೆಯುತ್ತದೆ ಅಂತ ಎರಡು ಬಿಲ್ಲೆ ಜೋಡಿಸುವವರಿದ್ದಾರೆ. ದಯವಿಟ್ಟು ಆ ಕೆಲಸ ಮಾತ್ರ ಬೇಡ, ಜೀವಕ್ಕೇ ಅಪಾಯ. ಪ್ಲಗ್‌ನಲ್ಲಿ ಒಂದೇ ತೂತಿದ್ದರೆ ಅದನ್ನೂ ಬದಲಾಯಿಸಲು ಹೇಳಿ. ಗಾಳಿ ಒಂದೇ ಕಡೆ ನುಗ್ಗಿದರೆ ಸಿಲಿಂಡರ್ ಗಿರಗಿರ ತಿರುಗಿ ಬಡಿಯಬಹುದು. ಸುತ್ತಲೂ ತೂತಿರುವ ಪ್ಲಗ್‌ನಲ್ಲಿ ಆ ಭಯ ಕಡಿಮೆ.

ವಾಲ್ವಿನ ಬಾಯಲ್ಲಿರುವ ರಬ್ಬರ್ ಬಳೆ, ಅಂದರೆ ಓ-ರಿಂಗ್ ಸೀಳಿಲ್ಲ ತಾನೆ ಅಂತ ನೋಡಿ, ಉಸಿರಾಡಲು ಗಾಳಿ ಕೊಡುವ ರೆಗ್ಯುಲೇಟರ್ ಕೂರಿಸಿ. ವಾಲ್ವನ್ನು ನಿಧಾನವಾಗಿ, ಪೂರ್ತಿ ತೆರೆಯಿರಿ. ಒತ್ತಡ ತೋರಿಸುವ ಗೇಜ್ ನೋಡುತ್ತಾ ಮೂರ್ನಾಲ್ಕು ಸಲ ದೀರ್ಘವಾಗಿ ಉಸಿರೆಳೆಯಿರಿ. ಎಳೆದಾಗಲೆಲ್ಲ ಮುಳ್ಳು ಕೆಳಗಿಳಿದು ಮತ್ತೆ ಏರಿದರೆ ವಾಲ್ವ್ ಸರಿಯಾಗಿ ತೆರೆದಿಲ್ಲ.

ದೋಣಿಯಲ್ಲಿ ಬಿಲ್ಲೆ ಒಡೆದರೆ ದೂರ ಸರಿಯಿರಿ, ಖಾಲಿಯಾಗಲು ಬಿಡಿ. ನೀರಿನೊಳಗೆ ಒಡೆದರೆ ವಾಲ್ವ್ ಮುಚ್ಚುವ ನಾಬ್ ತಿರುಗಿಸುತ್ತಾ ಸಮಯ ಕಳೆಯಬೇಡಿ. ಬಿಲ್ಲೆ ಇರುವುದು ಸಿಲಿಂಡರ್ ಕಡೆಗೆ, ನಾಬ್ ಮುಚ್ಚಿದರೂ ಗಾಳಿ ನಿಲ್ಲುವುದಿಲ್ಲ. ತಕ್ಷಣ ಜೊತೆಗಾರರ ಹೆಚ್ಚುವರಿ ರೆಗ್ಯುಲೇಟರ್ ಬಾಯಿಗಿಟ್ಟುಕೊಳ್ಳಿ, ಉಸಿರು ಬಿಗಿಹಿಡಿಯದೆ ಇಬ್ಬರೂ ಒಟ್ಟಿಗೆ ನಿಧಾನವಾಗಿ ಮೇಲೆ ಬನ್ನಿ.