ಎಂಜಿನ್ ಶೆಲ್ಲಿನ ಬಣ್ಣ ಬಿಡಿಸಿದ್ದು

ಮೊದಲ ಶೆಲ್ಲನ್ನು ನಾನೇ ಕೈಯಾರೆ ಹಾಳು ಮಾಡಿದೆ. 1:87 ಅಳತೆಯ ಮಾದರಿ ರೈಲಿನ ಡೀಸೆಲ್ ಎಂಜಿನ್, ಶೆಲ್ ಅಂದರೆ ಅದರ ಪ್ಲಾಸ್ಟಿಕ್ ಹೊರಕವಚ. ಉಗುರು ಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ಹಾಕಿಕೊಂಡು ಕ್ಯಾಬಿನ ಮೇಲೆ ಉಜ್ಜಿದೆ. ಬಣ್ಣ ಬಂತು, ಅದರ ಹಿಂದೆಯೇ ಪ್ಲಾಸ್ಟಿಕ್ಕೂ ಬಂತು. ದ್ರಾವಣದಲ್ಲಿದ್ದ ಅಸಿಟೋನ್ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಎಬಿಎಸ್ ಎಂಬ ಇನ್ನೊಂದು ಬಗೆಯ ಪ್ಲಾಸ್ಟಿಕ್ಕನ್ನೂ ಬಿಡುವುದಿಲ್ಲ. ಬಾಗಿಲಿನ ಸಣ್ಣ ಕೀಲುಗಳೆಲ್ಲ ಬೆಣ್ಣೆ ಸವರಿದ ಹಾಗಾದವು.

ಈಗ ನನ್ನದು ಐಸೊಪ್ರೊಪೈಲ್ ಆಲ್ಕೋಹಾಲ್, ಶೇ. 91 ಅಥವಾ 99ರದ್ದು. ಶೇ. 70ರದ್ದರಲ್ಲಿ ನೀರು ಜಾಸ್ತಿ, ಕೆಲಸ ನಿಧಾನ. ಬ್ರೇಕ್ ಆಯಿಲ್ ಬಳಸುವವರೂ ಇದ್ದಾರೆ. ಡಾಟ್ 3 ದರ್ಜೆಯದ್ದಾದರೆ ಬಣ್ಣ ಬಿಡುತ್ತದೆ, ಸಿಲಿಕೋನಿನ ಡಾಟ್ 5ರಿಂದ ಏನೂ ಪ್ರಯೋಜನವಿಲ್ಲ. ಆದರೆ ಆ ಜಿಡ್ಡು ತೊಳೆಯುವುದೇ ಒಂದು ರಗಳೆ. ಒಂದು ಮೂಲೆಯಲ್ಲಿ ಉಳಿದರೂ ಹೊಸ ಬಣ್ಣ ಅಲ್ಲಿ ಕೂರುವುದಿಲ್ಲ.

ಈ ಸಲದ ಎಂಜಿನ್ನಿನ ಚಾಸಿ, ಮೋಟಾರ್, ದೀಪ, ಕೈಕಂಬಿ ಎಲ್ಲ ಬಿಚ್ಚಿಟ್ಟೆ. ಕಿಟಕಿಯ ಪಾರದರ್ಶಕ ತುಂಡುಗಳನ್ನಂತೂ ಮರೆಯಬಾರದು, ಆಲ್ಕೋಹಾಲಿನಲ್ಲಿ ಬಿರುಕು ಬಿಡಬಹುದು. ಶೆಲ್ಲಿನ ಒಳಮೈಗೆ ಆಲ್ಕೋಹಾಲಿನ ಒಂದು ಹನಿ ಹಾಕಿ ಅರ್ಧ ಗಂಟೆ ನೋಡಿದೆ. ಮೆತ್ತಗಾಗಲಿಲ್ಲ. ಕೋಣೆಯ ಕಿಟಕಿ ತೆರೆದು, ಗ್ಲೌಸ್ ಹಾಕಿಕೊಂಡು, ಮುಚ್ಚಳವಿರುವ ಡಬ್ಬಿಯಲ್ಲಿ ಮುಳುಗಿಸಿದೆ. ಇದರ ಆವಿ ಬೇಗ ಹೊತ್ತಿಕೊಳ್ಳುತ್ತದೆ, ಹತ್ತಿರದಲ್ಲಿ ಬೆಂಕಿ, ಕಿಡಿ ಬೇಡವೇ ಬೇಡ.

ಮೊದಲ ಒಂದು ಗಂಟೆ ಏನೂ ಆಗಲಿಲ್ಲ. ಕೈ ತುರಿಸುವುದು ಆಗಲೇ ಅಲ್ವಾ! ಮುಚ್ಚಳ ಮುಚ್ಚಿ ಎದ್ದು ಹೋದೆ. ಸಂಜೆ ಬಂದು ನೋಡಿದರೆ ಛಾವಣಿಯ ನೀಲಿ ಬಣ್ಣ ಹಾಲಿನ ಕೆನೆಯ ಹಾಗೆ ಸುಕ್ಕುಗಟ್ಟಿತ್ತು. ಮೆತ್ತನೆಯ ಹಲ್ಲುಜ್ಜುವ ಬ್ರಷ್ ತಾಗಿಸಿದ ಕೂಡಲೇ ಪದರ ಪದರವಾಗಿ ಜಾರಿತು. ಕೆಳಗಿನ ಹಳದಿ ಪಟ್ಟಿ ಮಾತ್ರ ಜಗ್ಗಲಿಲ್ಲ. ಬ್ಲೇಡ್ ತಗೊಳ್ಳೋಣ ಅನ್ನಿಸಿತು. ತಗೊಳ್ಳಲಿಲ್ಲ. ಬ್ಲೇಡ್ ಒಮ್ಮೆ ಆಡಿದರೆ ರಿವೆಟ್ಟುಗಳ ಸಾಲೇ ಹೋಗುತ್ತದೆ, ಅದನ್ನು ವಾಪಸ್ ತರುವುದು ನನ್ನಿಂದಾಗದ ಕೆಲಸ. ಇನ್ನೆರಡು ಗಂಟೆ ನೆನೆಹಾಕಿದೆ. ರೇಡಿಯೇಟರ್ ಜಾಲರಿಯ ಸಂದಿಯಲ್ಲಿ ಸಿಕ್ಕಿಕೊಂಡಿದ್ದನ್ನು ಮರದ ಹಲ್ಲುಕಡ್ಡಿಯಿಂದ ಎಬ್ಬಿಸಿದೆ, ಕಡ್ಡಿಯ ತುದಿಯನ್ನು ಮೊದಲೇ ಕಚ್ಚಿ ಮೆತ್ತಗೆ ಮಾಡಿಕೊಂಡು. ಎಂಜಿನ್ನಿನ ಹಾರ್ನಿನ ಅಂಟು ಬಿಟ್ಟು ಅದು ಡಬ್ಬಿಯ ತಳ ಸೇರಿತ್ತು, ದ್ರವ ಸೋಸಿದಾಗ ಸಿಕ್ಕಿತು.

ಪಾತ್ರೆ ತೊಳೆಯುವ ಸೋಪು, ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದೆ. ಕುದಿನೀರಾದರೆ ಶೆಲ್ ಸೊಟ್ಟಗಾಗುತ್ತದೆ. ರಾತ್ರಿಯಿಡೀ ಒಣಗಿದ ಮೇಲೂ ಕ್ಯಾಬಿನ ಪಕ್ಕದಲ್ಲಿ ಹಳೇ ನಂಬರಿನ ತೆಳು ನೆರಳು ಕಾಣುತ್ತಿತ್ತು. ಉಜ್ಜಲು ಹೋಗಲಿಲ್ಲ. ಬೂದು ಪ್ರೈಮರಿನ ಒಂದು ತೆಳು ಕೋಟ್ ಹೊಡೆದೆ, ನಂಬರ್ ಮುಚ್ಚಿಹೋಯಿತು, ರಿವೆಟ್ಟುಗಳು ಎದ್ದು ನಿಂತವು.