ಸಂಪರ್ಕ ಕಡಿದರೂ ಟರ್ಮಿನಲ್‌ನ ಬರಹ ಉಳಿಸಿಕೊಳ್ಳುವುದು ಹೇಗೆ?

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್ (ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಆಜ್ಞೆ ಕೊಡುವ ವಿಧಾನ) ಮೂಲಕ ಲಾಗಿನ್ ಆಗಿ, ಮೂರು ಗಂಟೆ ಹಿಡಿಯುವ ಡೇಟಾಬೇಸ್ ಬ್ಯಾಕಪ್ ಆರಂಭಿಸಿದ್ದೀರಿ. ನಡುವೆ ಕರೆಂಟ್ ಹೋಗಿ ವೈಫೈ ನಿಂತಿತು ಎನ್ನೋಣ. ಮತ್ತೆ ಲಾಗಿನ್ ಆದಾಗ ಕಾಣುವುದು ಖಾಲಿ ಪರದೆ. ಕೆಲಸ ಎಲ್ಲಿಯವರೆಗೆ ಬಂದಿತ್ತು, ಯಾವ ಟೇಬಲ್‌ನಲ್ಲಿ ದೋಷ ಬಂದಿತು ಎಂಬುದನ್ನು ತಿಳಿಯುವ ದಾರಿಯೇ ಇರುವುದಿಲ್ಲ.

ಇದಕ್ಕೆ ಕಾರಣವಿದೆ. ಸಂಪರ್ಕ ಹೋಗಿದೆಯೆಂದು ಸರ್ವರ್‌ಗೆ ತಿಳಿದೊಡನೆ ಆ ಟರ್ಮಿನಲ್ (ಆಜ್ಞೆ ಟೈಪ್ ಮಾಡಿ ಉತ್ತರ ಓದುವ ಪರದೆ) ಮುಚ್ಚುತ್ತದೆ, ಅದರಲ್ಲಿದ್ದ ಶೆಲ್‌ಗೆ (ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಂ) ‘ಹ್ಯಾಂಗಪ್’ ಸಂಕೇತ ಹೋಗುತ್ತದೆ, ಶೆಲ್ ಅದನ್ನು ತಾನು ನಡೆಸುತ್ತಿದ್ದ ಕೆಲಸಗಳಿಗೂ ದಾಟಿಸುತ್ತದೆ. ದೂರವಾಣಿ ತಂತಿಯ ಮೂಲಕ ಮೋಡೆಮ್ ಜೋಡಿಸುತ್ತಿದ್ದ ದಿನಗಳ ಹೆಸರು ಅದು. ‘ನೋಹಪ್’ ಆಜ್ಞೆ ಈ ಸಂಕೇತವನ್ನು ತಡೆದು, ಬರಹವನ್ನು ನೋಹಪ್.ಔಟ್ ಎಂಬ ಫೈಲಿಗೆ ಕಳಿಸುತ್ತದೆ. ಆದರೆ ಪ್ರೋಗ್ರಾಂ ನಡುವೆ ‘ಹೌದೇ, ಅಲ್ಲವೇ’ ಎಂದು ಕೇಳಿದರೆ ಮರಳಿ ಬಂದು ಉತ್ತರಿಸಲು ಆಗುವುದಿಲ್ಲ.

ಆದ್ದರಿಂದ ಟಿಮಕ್ಸ್ (tmux) ಎಂಬ ಪ್ರೋಗ್ರಾಂ ಬಳಸುವುದು ಮೇಲು. 1987ರಷ್ಟು ಹಿಂದೆಯೇ ಬಂದ ‘ಸ್ಕ್ರೀನ್’ ಇದೇ ಕೆಲಸ ಮಾಡುತ್ತದೆ. 2007ರಲ್ಲಿ ಬಂದ ಟಿಮಕ್ಸ್ ಈಗ ಹೆಚ್ಚು ಬಳಕೆಯಲ್ಲಿದೆ. ಇದು ದೂರದ ಯಂತ್ರದಲ್ಲೇ ತನ್ನದೊಂದು ಟರ್ಮಿನಲ್ ತೆರೆದು ಹಿಡಿದಿರುವುದರಿಂದ, ನಿಮ್ಮ ಸಂಪರ್ಕ ಹೋದರೆ ನೋಡುವ ಕಿಟಕಿ ಮಾತ್ರ ಮುಚ್ಚುತ್ತದೆ, ಒಳಗಿನ ಕೆಲಸ ನಡೆದೇ ಇರುತ್ತದೆ.

ಮೊದಲು ಸರ್ವರ್‌ಗೆ ಲಾಗಿನ್ ಆಗಿ, ಕೆಲಸ ಶುರುಮಾಡುವ ಮುನ್ನವೇ, ‘ಟಿಮಕ್ಸ್ ನ್ಯೂ -ಎಸ್ ಬ್ಯಾಕಪ್’ ಎಂದು ಕೊಡಿ. (ಬೇರೆ ಹೇಳದ ಹೊರತು ಆಜ್ಞೆಗಳನ್ನೆಲ್ಲ ಇಂಗ್ಲಿಷ್‌ನ ಸಣ್ಣ ಅಕ್ಷರಗಳಲ್ಲೇ ಟೈಪ್ ಮಾಡಬೇಕು.) ‘ಬ್ಯಾಕಪ್’ ಎಂಬುದು ನೀವಿಟ್ಟ ಹೆಸರು. ಈಗ ಕೆಲಸ ಆರಂಭಿಸಿ. ನೀವಾಗಿಯೇ ಹೊರಬರಬೇಕೆಂದರೆ ಕಂಟ್ರೋಲ್ ಮತ್ತು ಬಿ ಕೀಲಿಗಳನ್ನು ಒಟ್ಟಿಗೆ ಒತ್ತಿ ಬಿಟ್ಟು, ಬಳಿಕ ಡಿ ಒತ್ತಿ. ಸಂಪರ್ಕ ಕಡಿದಿದ್ದರೆ ಮತ್ತೆ ಲಾಗಿನ್ ಆಗಿ ‘ಟಿಮಕ್ಸ್ ಅಟ್ಯಾಚ್ -ಡಿ -ಟಿ ಬ್ಯಾಕಪ್’ ಎನ್ನಿ. ಇಲ್ಲಿನ ‘-ಡಿ’ ಮರೆಯಬೇಡಿ: ಹಳೆಯ ಸಂಪರ್ಕ ಸತ್ತಿರುವುದು ಸರ್ವರ್‌ಗೆ ಇನ್ನೂ ತಿಳಿಯದೆ ಇರಬಹುದು, ‘-ಡಿ’ ಅದನ್ನು ಕಳಚಿಹಾಕುತ್ತದೆ.

ಬಹಳ ಮಂದಿ ಇಷ್ಟಕ್ಕೇ ನಿಲ್ಲುತ್ತಾರೆ, ಎಡವುವುದೂ ಇಲ್ಲಿಯೇ. ಕೆಲಸ ಜೀವಂತವಾಗಿರುವುದು ಬೇರೆ, ಅದರ ಬರಹ ಪೂರ್ತಿ ಉಳಿಯುವುದು ಬೇರೆ. ಬೇರೆ ಏನೂ ಹೇಳದಿದ್ದರೆ ಟಿಮಕ್ಸ್ ನೆನಪಿಟ್ಟುಕೊಳ್ಳುವುದು 2000 ಸಾಲು ಮಾತ್ರ. ಬ್ಯಾಕಪ್ ಸಾಲುಸಾಲಾಗಿ ವರದಿ ಕೊಡುತ್ತಿದ್ದರೆ, ಮೊದಲ ಗಂಟೆಯ ದೋಷ ಎಂದೋ ಜಾರಿಹೋಗಿರುತ್ತದೆ. ನಿಮ್ಮ ಹೋಮ್ ಫೋಲ್ಡರ್‌ನ .ಟಿಮಕ್ಸ್.ಕಾನ್ಫ್ ಫೈಲಿನಲ್ಲಿ ‘ಸೆಟ್ -ಜಿ ಹಿಸ್ಟರಿ-ಲಿಮಿಟ್ 50000’ ಎಂಬ ಸಾಲು ಸೇರಿಸಿ. ಟಿಮಕ್ಸ್ ಈಗಾಗಲೇ ನಡೆಯುತ್ತಿದ್ದರೆ ಆ ಫೈಲನ್ನು ತಾನಾಗಿ ಮತ್ತೆ ಓದುವುದಿಲ್ಲ, ತೆರೆದಿರುವ ಕಿಟಕಿಗೂ ಹೊಸ ಮಿತಿ ಅನ್ವಯಿಸುವುದಿಲ್ಲ.

ಮಿತಿ ಎಷ್ಟೇ ಹೆಚ್ಚಿಸಿದರೂ ಅದು ಮೆಮೊರಿಯಲ್ಲಿರುವ ನೆನಪಷ್ಟೇ, ಸರ್ವರ್ ರೀಬೂಟ್ ಆದರೆ ಎಲ್ಲವೂ ಹೋಯಿತು. ಹಾಗಾಗಿ ಮುಖ್ಯ ಕೆಲಸವಾದರೆ, ಅದನ್ನು ಆರಂಭಿಸುವ ಮುನ್ನ ಟಿಮಕ್ಸ್ ಒಳಗೇ ‘ಟಿಮಕ್ಸ್ ಪೈಪ್-ಪೇನ್ -ಓ’ ಎಂದು ಬರೆದು, ಮುಂದೆ ಉದ್ಧರಣ ಚಿಹ್ನೆಯೊಳಗೆ ‘ಕ್ಯಾಟ್ >> ಬ್ಯಾಕಪ್.ಲಾಗ್’ ಎಂದು ಸೇರಿಸಿ. ಅಂದಿನಿಂದ ಪರದೆಗೆ ಬರುವುದೆಲ್ಲ ಫೈಲಿಗೂ ಹೋಗುತ್ತದೆ. ಅನೇಕರು ಇದಕ್ಕೆ ‘ಟೀ’ (ಬರಹವನ್ನು ಪರದೆಗೂ ಫೈಲಿಗೂ ಕಳಿಸುವ ಆಜ್ಞೆ) ಬಳಸುತ್ತಾರೆ, ಅದಕ್ಕೆ ಬರಹ ಪೈಪ್ ಮೂಲಕ ಹೋಗುತ್ತದೆ. ಆದರೆ ಪೈಪ್‌ಗೆ (ಒಂದು ಪ್ರೋಗ್ರಾಂನ ಬರಹವನ್ನು ಇನ್ನೊಂದಕ್ಕೆ ದಾಟಿಸುವ ದಾರಿ) ಬರೆಯುವಾಗ ಹಲವು ಪ್ರೋಗ್ರಾಂಗಳು ಸಾಲುಗಳನ್ನು ಕೂಡಿಟ್ಟು ತಡವಾಗಿ ಕಳಿಸುವುದರಿಂದ ನನಗೆ ಪೈಪ್-ಪೇನ್ ಹೆಚ್ಚು ನಂಬಿಕೆಯದಾಗಿ ಕಾಣುತ್ತದೆ. ಲಾಗ್‌ನಲ್ಲಿ ಬಣ್ಣದ ಸಂಕೇತಗಳು ಸೇರಿರುತ್ತವೆ. ‘ಲೆಸ್ -ಆರ್’ ಎಂದು, ಆರ್ ಅಕ್ಷರವನ್ನು ಮಾತ್ರ ದೊಡ್ಡದಾಗಿ ಕೊಟ್ಟು ಓದಿ.

ಪೈಪ್-ಪೇನ್ ಹಾಕುವುದು ಮರೆತುಹೋಗಿದ್ದರೆ, ‘ಟಿಮಕ್ಸ್ ಕ್ಯಾಪ್ಚರ್-ಪೇನ್ -ಪಿ -ಎಸ್ - > ಉಳಿದದ್ದು.ಲಾಗ್’ ಎಂದರೆ (ಇಲ್ಲಿ ಎಸ್ ದೊಡ್ಡ ಅಕ್ಷರ, ಫೈಲಿನ ಹೆಸರು ನಿಮ್ಮಿಷ್ಟದ್ದು) ನೆನಪಿನಲ್ಲಿ ಇನ್ನೂ ಉಳಿದಿರುವಷ್ಟು ಸಾಲುಗಳು ಫೈಲಿಗೆ ಬರುತ್ತವೆ. ಪ್ರೋಗ್ರಾಂಗಳು ಕೆಲವೊಮ್ಮೆ ಪಾಸ್‌ವರ್ಡ್, ಟೋಕನ್‌ಗಳನ್ನು ಪರದೆಗೆ ಮುದ್ರಿಸಿಬಿಡುತ್ತವೆ. ಲಾಗ್ ಫೈಲುಗಳ ಮೇಲೆ ‘ಚ್‌ಮಾಡ್ 600’ ಕೊಟ್ಟು, ಅವನ್ನು ನಿಮಗಷ್ಟೇ ಓದಲು ಬರುವಂತೆ ಮಾಡಿ.