ಕೆಡಿಸಿ ಕಲಿತ ಸಿಸಿಎನ್‌ಎ

ಸಿಸಿಎನ್‌ಎ ಎಂದರೆ ಸಿಸ್ಕೊ ಕಂಪನಿಯ ನೆಟ್‌ವರ್ಕಿಂಗ್ ಪ್ರಮಾಣಪತ್ರ. ಮೊದಲ ಸಲ ಫೇಲಾದಾಗ, ಡಂಪ್ (ಸೋರಿಹೋದ ಪ್ರಶ್ನೋತ್ತರಗಳ ಕಂತೆ) ಉರು ಹೊಡೆಯದೆ, ಇನ್ನೊಮ್ಮೆ ಕೋಚಿಂಗ್‌ಗೆ ಸೇರದೆ ಅದು ಆಗುವುದಿಲ್ಲ ಎಂದು ನಮ್ಮ ತಂಡದಲ್ಲಿ ಹೇಳದವರಿಲ್ಲ. ಎರಡೂ ಇಲ್ಲದೆಯೇ ಆಯಿತು. ಐಪಿ ಕನೆಕ್ಟಿವಿಟಿ (ಜಾಲದಲ್ಲಿ ದಾರಿ ಹುಡುಕುವ ರೂಟಿಂಗ್) ವಿಭಾಗದಲ್ಲಿ ಶೇ. ತೊಂಬತ್ತರ ಮೇಲೆ ಬಂತು. ಆಗ ನಕ್ಕವರಲ್ಲಿ ಇಬ್ಬರು ಈಗ ನನ್ನ ಅಭ್ಯಾಸದ ಫೈಲುಗಳನ್ನು ಕೊಡಿ ಎಂದು ಕೇಳುತ್ತಿದ್ದಾರೆ, ಅದಕ್ಕೇ ಬರೆಯಲು ಕೂತೆ. 200-301 ಎಂಬ ಈ ಪರೀಕ್ಷೆಯ ವಿವರ, ಜಾಲವನ್ನು ಕಂಪ್ಯೂಟರಿನೊಳಗೇ ಕಟ್ಟಿ ನೋಡುವ ಪ್ಯಾಕೆಟ್ ಟ್ರೇಸರ್ ತಂತ್ರಾಂಶ ಎಲ್ಲಿ ಸಿಗುತ್ತದೆ ಎಂಬುದನ್ನೆಲ್ಲ ಹೇಳಹೊರಟಿಲ್ಲ. ಇದನ್ನು ಓದುವವರಿಗೆ ಅದು ಗೊತ್ತಿರುತ್ತದೆ.

ಮೊದಲು ದುಡ್ಡಿನ ವಿಷಯ. ಶುಲ್ಕ 300 ಡಾಲರ್. ತೆರಿಗೆಯೂ ಸೇರಿ ಕಾರ್ಡಿನಿಂದ ಪ್ರತಿ ಸಲ ಮೂವತ್ತು ಸಾವಿರದ ಆಸುಪಾಸು ಹೋಯಿತು, ಮೊದಲ ಸಲದ್ದು ದಂಡ. ಅದಕ್ಕೂ ಮೊದಲು ಬೆಂಗಳೂರಿನ ಒಂದು ಸಂಸ್ಥೆಗೆ ವಾರಾಂತ್ಯದ ತರಗತಿಗೆಂದು ಇಪ್ಪತ್ತು ಸಾವಿರದ ಮೇಲೆ ಕಟ್ಟಿದ್ದೆ. ತುಮಕೂರಿನಿಂದ ಓಡಾಟ, ಊಟ ಬೇರೆ. ಕಲಿಸಿದವರು ಕೆಟ್ಟವರಲ್ಲ. ಅವರು ಪರದೆಯ ಮೇಲೆ ಬರೆಯುತ್ತಿದ್ದರು, ನಾವು ನೋಡಿ ಬರೆಯುತ್ತಿದ್ದೆವು, ಪಿಂಗ್ (ಸಂಪರ್ಕ ಇದೆಯೇ ಎಂದು ನೋಡುವ ಸಂದೇಶ) ಹೋಗುತ್ತಿತ್ತು, ಚಹಾಕ್ಕೆ ಏಳುತ್ತಿದ್ದೆವು. ಅಲ್ಲಿ ಮಾಡಿದ ಲ್ಯಾಬುಗಳೆಲ್ಲ ಮೊದಲ ಏಟಿಗೇ ಕೆಲಸ ಮಾಡುತ್ತಿದ್ದವು. ಕಾಯಿಲೆ ಇದ್ದದ್ದೇ ಅಲ್ಲಿ. ಪರೀಕ್ಷೆಯಲ್ಲಿ ಕೆಟ್ಟಿರುವ ಜಾಲವನ್ನು ಮುಂದಿಟ್ಟು ಯಾಕೆ ಕೆಟ್ಟಿದೆ ಎಂದು ಕೇಳಿದರೆ, ಸರಿಯಾಗಿರುವುದನ್ನಷ್ಟೇ ನೋಡಿದ ಕಣ್ಣು ಏನು ಹುಡುಕೀತು? ಮೊದಲ ಸಲದ ಅಂಕಪಟ್ಟಿಯಲ್ಲಿ ಐಪಿ ಕನೆಕ್ಟಿವಿಟಿ ಐವತ್ತರ ಹತ್ತಿರ ನಿಂತಿತ್ತು. ಪರೀಕ್ಷೆಯ ಕಾಲು ಭಾಗ, ಅಂದರೆ ಶೇ. 25, ಆ ವಿಭಾಗದ್ದೇ.

ಆಮೇಲೆ ಹಿಡಿದ ದಾರಿ ಇದು. ಪ್ಯಾಕೆಟ್ ಟ್ರೇಸರ್‌ನಲ್ಲಿ ಮೂರು ರೂಟರ್, ನಾಲ್ಕು ಸ್ವಿಚ್‌ಗಳ ಒಂದೇ ಒಂದು ಜಾಲ ಕಟ್ಟಿದೆ. ಅದರ ಪ್ರತಿಗಳನ್ನು ಮಾಡಿ ಒಂದೊಂದರಲ್ಲೂ ಒಂದೊಂದು ತಪ್ಪು ಹೂತಿಟ್ಟೆ. ಒಂದರಲ್ಲಿ ಒಎಸ್‌ಪಿಎಫ್ (ರೂಟರ್‌ಗಳು ತಮ್ಮತಮ್ಮಲ್ಲಿ ದಾರಿಗಳನ್ನು ಹಂಚಿಕೊಳ್ಳುವ ಕ್ರಮ) ಹಲೋ ಸಂದೇಶದ ಸಮಯ ಒಂದು ಕಡೆ 10 ಸೆಕೆಂಡು, ಇನ್ನೊಂದು ಕಡೆ 15. ಒಂದರಲ್ಲಿ ಅದರ ಏರಿಯಾ (ವಲಯ) ಸಂಖ್ಯೆ ಬೇರೆ. ಒಂದರಲ್ಲಿ ಒಳಜಾಲದ ವಿಳಾಸವನ್ನು ಹೊರಗಿನದಕ್ಕೆ ಬದಲಿಸುವ ನ್ಯಾಟ್‌ನ ಒಳಗು ಹೊರಗು ಅದಲುಬದಲು. ಒಂದರಲ್ಲಿ ಡಿಎಚ್‌ಸಿಪಿ (ಯಂತ್ರಗಳಿಗೆ ವಿಳಾಸ ಹಂಚುವ ವ್ಯವಸ್ಥೆ) ಹೆಲ್ಪರ್ ವಿಳಾಸ ತಪ್ಪು. ಹೀಗೆ ನಲವತ್ತಕ್ಕೂ ಹೆಚ್ಚು ಫೈಲುಗಳಾದವು. ಹೆಸರು ಬದಲಿಸಿ ಕಲಸುವ ಕೆಲಸ ಮಗಳದು. ಹಣ್ಣುಗಳ ಹೆಸರು, ಗೆಳತಿಯರ ಹೆಸರು, ಬೆಕ್ಕಿನ ಹೆಸರು, ಮನಸ್ಸಿಗೆ ಬಂದದ್ದನ್ನು ಇಡುತ್ತಿದ್ದಳು. ಎರಡು ವಾರ ಬಿಟ್ಟು ತೆರೆದರೆ ನಾನೇ ಹೂತದ್ದು ನನಗೇ ನೆನಪಿರುತ್ತಿರಲಿಲ್ಲ. ನಿಯಮ ಎರಡೇ: ರನ್ನಿಂಗ್ ಕಾನ್ಫಿಗ್ (ಉಪಕರಣದಲ್ಲಿ ಸದ್ಯ ಇರುವ ಪೂರ್ತಿ ಸೆಟ್ಟಿಂಗ್) ನೋಡುವಂತಿಲ್ಲ, ಹದಿನೈದು ನಿಮಿಷ ಮೀರುವಂತಿಲ್ಲ. ಸ್ಥಿತಿ ತೋರಿಸುವ ಉಳಿದ 'ಶೋ' ಆಜ್ಞೆಗಳಿಂದಲೇ ಹಿಡಿಯಬೇಕು. ನಮ್ಮ ಹಿರಿಯ ಸಹೋದ್ಯೋಗಿಯೊಬ್ಬರು ಇದನ್ನು ಕೇಳಿ, "ತಾನೇ ಬಚ್ಚಿಟ್ಟು ತಾನೇ ಹುಡುಕುವ ಆಟ ಆಡಿಕೊಂಡಿರಿ" ಎಂದಿದ್ದರು.

ನನ್ನನ್ನು ಹೆಚ್ಚು ಸತಾಯಿಸಿದ್ದು 'ಸೀಬೆಹಣ್ಣು' ಎಂಬ ಫೈಲು. ಒಎಸ್‌ಪಿಎಫ್ ನೆರೆಹೊರೆ ಫುಲ್ ಸ್ಥಿತಿಯಲ್ಲಿದೆ, ಅಂದರೆ ರೂಟರ್‌ಗಳ ನಂಟು ಸರಿಯಿದೆ, ಇಂಟರ್‌ಫೇಸ್‌ಗಳೆಲ್ಲ ಎದ್ದಿವೆ, ಒಂದು ಸಬ್‌ನೆಟ್‌ಗೆ (ಜಾಲದ ಒಂದು ತುಂಡಿಗೆ) ಮಾತ್ರ ಪಿಂಗ್ ಇಲ್ಲ. ರೂಟಿಂಗ್ ಪಟ್ಟಿಯಲ್ಲಿ ಆ ಸಬ್‌ನೆಟ್ ಇದೆ. ಇದೆಯಲ್ಲ ಎಂದು ಎರಡು ಸಲ ದಾಟಿ ಹೋದೆ. ಮೂರನೆಯ ಸಲ ಕಣ್ಣು ಸಾಲಿನ ಮೊದಲ ಅಕ್ಷರದ ಮೇಲೆ ಬಿತ್ತು: ಒಎಸ್‌ಪಿಎಫ್‌ನ 'ಒ' ಇರಬೇಕಾದಲ್ಲಿ ಸ್ಟ್ಯಾಟಿಕ್‌ನ 'ಎಸ್'. ಯಾವುದೋ ತಪ್ಪು ನೆಕ್ಸ್ಟ್ ಹಾಪ್ (ಮುಂದಿನ ರೂಟರ್) ಕೊಟ್ಟು ಕೈಯಾರೆ ಬರೆದ ದಾರಿ. ಅದರ ಅಡ್ಮಿನಿಸ್ಟ್ರೇಟಿವ್ ಡಿಸ್ಟೆನ್ಸ್ 1, ಒಎಸ್‌ಪಿಎಫ್‌ನದು 110, ಕಡಿಮೆ ಇದ್ದದ್ದೇ ಗೆಲ್ಲುತ್ತದೆ. ಸರಿಯಾದ ದಾರಿಯನ್ನು ಪಟ್ಟಿಯೊಳಗೇ ಬಿಟ್ಟಿರಲಿಲ್ಲ. ಅಂದಿನಿಂದ ನಾನು ಮೊದಲು ಅಕ್ಷರ ನೋಡುತ್ತೇನೆ, ಆಮೇಲೆ ವಿಳಾಸ. ಹಲವು ವಿಲ್ಯಾನ್‌ಗಳನ್ನು (ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲಗಳನ್ನು) ಒಯ್ಯುವ ಟ್ರಂಕ್ ಕೊಂಡಿಯಲ್ಲೂ ಹಾಗೆಯೇ. ವಿಲ್ಯಾನ್ 10 ಇರುವ ಪಟ್ಟಿಗೆ 20 ಸೇರಿಸುವಾಗ 'ಆ್ಯಡ್' ಬಿಟ್ಟರೆ ಇಪ್ಪತ್ತು ಬರುತ್ತದೆ, ಹತ್ತು ಹೋಗುತ್ತದೆ. ಕೆಲಸದಲ್ಲಿ ಇದನ್ನು ಮಾಡಿ ಬೈಸಿಕೊಂಡವರನ್ನು ಕಂಡಿದ್ದೇನೆ.

ಹಳೆಯ ಉಪಕರಣ ಬೇಕೇ? ಪರೀಕ್ಷೆಗೆ ಬೇಡ. ಚಪಲಕ್ಕೆ ಬೇಕು. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ಒಂದು 2960 ಸ್ವಿಚ್, ಒಂದು ಮುದಿ 2950 ಸ್ವಿಚ್, ಎರಡು 1841 ರೂಟರ್, ಕನ್ಸೋಲ್ ಕೇಬಲ್ ಎಲ್ಲ ಸೇರಿ ಹನ್ನೊಂದು ಸಾವಿರದೊಳಗೆ ತಂದೆ. 2960ಕ್ಕೆ ಹಳೆಯ ಮಾಲೀಕರ ಪಾಸ್‌ವರ್ಡ್ ಇತ್ತು. ಮೋಡ್ ಗುಂಡಿ ಒತ್ತಿ ಹಿಡಿದು ವಿದ್ಯುತ್ ಕೊಟ್ಟು, ಕಾನ್ಫಿಗ್ ಫೈಲಿನ ಹೆಸರು ಬದಲಿಸಿ ಒಳಹೊಕ್ಕೆ. ಅಕೌಂಟ್ಸ್, ಸ್ಟೋರ್ಸ್, ಕ್ಯಾಂಟೀನ್ ಎಂದು ಅವರ ವಿಲ್ಯಾನ್ ಹೆಸರುಗಳೆಲ್ಲ ಹಾಗೆಯೇ ಕೂತಿದ್ದವು. ಗುಜರಿಗೆ ಹಾಕುವ ಮುನ್ನ ಅಳಿಸಬಾರದೇ, ಪುಣ್ಯಾತ್ಮರು! ಎರಡು ಸ್ವಿಚ್‌ಗಳನ್ನೂ ಜೋಡಿಸಿದಾಗ ರೂಟ್ ಬ್ರಿಡ್ಜ್ (ಸ್ವಿಚ್‌ಗಳ ಮುಖಂಡ) ಆದದ್ದು ಮುದಿ 2950. ಎರಡರದ್ದೂ ಪ್ರಯಾರಿಟಿ 32768 ಇದ್ದರೆ ಕಡಿಮೆ ಮ್ಯಾಕ್ ವಿಳಾಸದ್ದೇ (ತಯಾರಕರೇ ಕೊಟ್ಟ ಯಂತ್ರದ ಸಂಖ್ಯೆ) ಗೆಲ್ಲುತ್ತದೆ, ಹಳೆಯ ಪೆಟ್ಟಿಗೆಗಳದು ಸಾಮಾನ್ಯವಾಗಿ ಕಡಿಮೆ. ಎಂಟಿಯು (ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ) ಏರುಪೇರು ಮಾಡಿ ಒಎಸ್‌ಪಿಎಫ್ ಎಕ್ಸ್‌ಸ್ಟಾರ್ಟ್ ಎಂಬ ನಡುಹಂತದಲ್ಲಿ ಸಿಕ್ಕಿಕೊಳ್ಳುವುದನ್ನು ಕಂಡದ್ದು ಆ 1841ಗಳಲ್ಲಿ. ಅವುಗಳ ಫ್ಯಾನಿನ ಸದ್ದಿಗೆ ಮನೆಯಾಕೆ ಅಟ್ಟದ ದಾರಿ ತೋರಿಸಿದಳು. ಈಗಲೂ ಅಲ್ಲೇ ಇವೆ.

ಸಬ್‌ನೆಟ್ಟಿಂಗ್, ಅಂದರೆ ವಿಳಾಸಗಳನ್ನು ತುಂಡುಗಳಾಗಿ ಹಂಚುವ ಲೆಕ್ಕದ ಅಭ್ಯಾಸ ರೈಲಿನಲ್ಲಾಯಿತು. ಬೋಗಿಯ ಮೇಲಿನ ಸಂಖ್ಯೆಯಲ್ಲಿ ಕೊನೆಯ ಮೂರು ಅಂಕಿ ತೆಗೆದುಕೊಳ್ಳುವುದು, 255 ಮೀರಿದ್ದರೆ ಒಳಗೆ ಬರುವವರೆಗೆ 256 ಕಳೆಯುವುದು. 173 ಸಿಕ್ಕಿತೆನ್ನಿ, ಅದು ಯಾವ ತುಂಡಿನಲ್ಲಿ ಬೀಳುತ್ತದೆ ಎಂದು ಹೇಳಬೇಕು. ಸ್ಲ್ಯಾಷ್ 27ಕ್ಕೆ 160ರಿಂದ 191, 28ಕ್ಕೆ 160ರಿಂದ 175, 29ಕ್ಕೆ 168ರಿಂದ 175. ಮುಂದಿನ ಬೋಗಿ ಕಣ್ಣೆದುರು ಬರುವುದರೊಳಗೆ ಹೇಳಬೇಕು. ನಿಂತ ಗಾಡಿಯಿಂದ ಶುರುಮಾಡಿ, ಯಶವಂತಪುರದಲ್ಲಿ ಎದುರು ನಿಧಾನವಾಗಿ ಸರಿಯುವ ಗಾಡಿಗೆ ಬಂದೆ. ವೇಗದ ಗಾಡಿಗೆ ಇಂದಿಗೂ ನನ್ನ ಕೈಯಲ್ಲಾಗುವುದಿಲ್ಲ.

ಒಂದು ಅಡ್ಡ ಪ್ರಯೋಗ ಫಲಿಸಿತು, ಒಂದು ಫಲಿಸಲಿಲ್ಲ. ಪಾಠಗಳನ್ನು ನನ್ನ ದನಿಯಲ್ಲೇ ಮುದ್ರಿಸಿ ಮಲಗುವಾಗ ಕೇಳಿದೆ. ಒಳ್ಳೆಯ ನಿದ್ದೆ ಬಂತು, ಅಷ್ಟೇ. ಆದರೆ ಮುದ್ರಿಸುವಾಗ ಬೇರೆಯದೇ ಲಾಭವಾಯಿತು. ಡಿಆರ್, ಬಿಡಿಆರ್ (ಒಎಸ್‌ಪಿಎಫ್‌ನಲ್ಲಿ ಮುಖ್ಯ ರೂಟರ್, ಅದರ ಬದಲಿ) ಆಯ್ಕೆಯನ್ನು ನಮ್ಮ ತಂದೆಯವರಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳಹೋದರೆ ಎಲ್ಲಿ ನಾಲಿಗೆ ತಡವರಿಸಿತೋ ಅಲ್ಲಿ ನನಗೇ ಅರ್ಥವಾಗಿರಲಿಲ್ಲ. ಅಂಥ ಜಾಗಗಳಿಗೆ ಮಾತ್ರ ಮತ್ತೆ ಪುಸ್ತಕ ತೆರೆದೆ. ಆಟೊಮೇಷನ್ ವಿಭಾಗ ಶೇ. 10 ಮಾತ್ರ. ಜೇಸನ್ (ಮಾಹಿತಿ ಬರೆಯುವ ಒಂದು ರೂಪ) ಓದಲು ಬಂದರೆ, ರೆಸ್ಟ್‌ನ (ತಂತ್ರಾಂಶಗಳು ಮಾಹಿತಿ ಕೇಳಿ ಕೊಡುವ ಕ್ರಮ) ಗೆಟ್, ಪೋಸ್ಟ್ ಗೊತ್ತಿದ್ದರೆ ಎರಡು ಭಾನುವಾರ ಸಾಕು. ಅದಕ್ಕೆಂದು ಪೈಥಾನ್ ಕೋರ್ಸಿಗೆ ದುಡ್ಡು ಸುರಿಯಬೇಡಿ.

ಪರೀಕ್ಷೆಯ ಪ್ರಶ್ನೆಗಳ ಬಗ್ಗೆ ಬರೆಯುವಂತಿಲ್ಲ, ಗೌಪ್ಯತೆಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟೇ ಒಳಗೆ ಕೂತಿದ್ದೇನೆ. 120 ನಿಮಿಷ, ದಾಟಿದ ಪ್ರಶ್ನೆಗೆ ಹಿಂತಿರುಗುವಂತಿಲ್ಲ. ಲ್ಯಾಬುಗಳಿಗೆ ಎಷ್ಟು ಹೊತ್ತು, ಉಳಿದವಕ್ಕೆ ಎಷ್ಟು ಎಂಬ ನನ್ನ ಲೆಕ್ಕವೊಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ನಕ್ಕವರೂ ಇದನ್ನು ಓದುತ್ತಾರೆ.

ಸರ್ಟಿಫಿಕೇಟಿಗೆ ಮೂರು ವರ್ಷದ ಆಯುಸ್ಸು. ಅಷ್ಟರಲ್ಲಿ ಮುಂದಿನ ಹಂತದ ಸಿಸ್ಕೊ ಪರೀಕ್ಷೆ 350-401 ಬರೆದು ಗೆದ್ದರೆ ಇದೂ ನವೀಕರಣವಾಗುತ್ತದೆ, ಶುಲ್ಕ 400 ಡಾಲರ್. ದುಡ್ಡು ಕೂಡಿಡುತ್ತಿದ್ದೇನೆ, ಹೊಸ ಫೈಲುಗಳನ್ನು ಕೆಡಿಸಲೂ ಶುರುಮಾಡಿದ್ದೇನೆ. ಹಳೆಯವು ಬೇಕೆಂದವರಿಗೆ ಕೊಡುತ್ತೇನೆ, ಬೆಕ್ಕಿನ ಹೆಸರಿನದ್ದೂ ಸೇರಿ. ಯಾವುದರಲ್ಲಿ ಯಾವ ತಪ್ಪಿದೆ ಎಂಬ ಪಟ್ಟಿ ಮಾತ್ರ ಕೇಳಬೇಡಿ.